ಬೆನ್ನ ಹಿಂದಿನ ಹೆಜ್ಜೆ

ಬೀಗದೊಳಗೆ ಕೀಲಿ ತಿರುಗಿತು. ಎಷ್ಟು ಮೆಲ್ಲಗೆ ತಿರುಗಿಸಿದರೂ ಆ ಬೀಗ ಕೊನೆಯಲ್ಲಿ ಒಮ್ಮೆ ಟಿಕ್ ಎನ್ನದೆ ಬಿಡುತ್ತಿರಲಿಲ್ಲ. ಒಂದು ತೊಟ್ಟು ಎಣ್ಣೆ ಬಿಟ್ಟು ಆ ಸದ್ದನ್ನು ಅಡಗಿಸುವುದು ಮಾವನಿಗೆ ದೊಡ್ಡ ಕೆಲಸವಲ್ಲ. ಬೀಗ ರಿಪೇರಿಯಲ್ಲೇ ಅವರ ತಲೆ ನರೆತಿತ್ತು. ಆದರೆ ಬೇಕೆಂದೇ ಹಾಗೆ ಬಿಟ್ಟಿದ್ದರು. ಆ ಸದ್ದು ಕೇಳಿತೆಂದರೆ ಸೊಸೆ ಮನೆ ಸೇರಿದಳು ಎಂದು ಅರ್ಥ. ನಡುಮನೆಯ ಮಂಚದ ಮೇಲೆ ಮಾವ, ಒಳಕೋಣೆಯಲ್ಲಿ ಅತ್ತೆ, ಅತ್ತೆಯ ಪಕ್ಕದಲ್ಲಿ ಮೊಮ್ಮಗಳು, ಮೂವರೂ ಅದಕ್ಕಾಗಿಯೇ ಕಾದಿರುತ್ತಿದ್ದರು. ಕೇಳಿದ ಮೇಲೆ ಮೂವರೂ ನಿದ್ದೆ ಹತ್ತಿದವರಂತೆ ಉಸಿರಾಡುತ್ತಿದ್ದರು. ಸೊಸೆ ಚಪ್ಪಲಿ ಬಿಟ್ಟು, ಮುಚ್ಚಿಟ್ಟಿದ್ದ ಅನ್ನವನ್ನು ಅಡುಗೆಮನೆಯಲ್ಲಿ ನಿಂತೇ ಉಂಡು, ತಟ್ಟೆಗೆ ನೀರು ಹಾಕಿಟ್ಟು ಮಲಗುತ್ತಿದ್ದಳು. ತೊಳೆದರೆ ಮಲಗಿದವರಿಗೆ ಎಚ್ಚರವಾದೀತು ಎಂದು ಅವಳ ಲೆಕ್ಕ.

ಆ ರಾತ್ರಿ ಮಾತ್ರ ಕೀಲಿ ತಿರುಗಿದ ಮೇಲೆ ಅಡುಗೆಮನೆಯ ಕಡೆ ಹೆಜ್ಜೆ ಹೋಗಲಿಲ್ಲ. ಸೊಸೆ ಚಿಲಕ ಹಾಕಿ, ಎಳೆದು ನೋಡಿ, ಮತ್ತೆ ಎಳೆದು ನೋಡಿದಳು.

"ಏನಮ್ಮಾ?" ಎಂದರು ಮಾವ.

"ಏನಿಲ್ಲ ಮಾವ. ನೀವಿನ್ನೂ ಮಲಗಿಲ್ವಾ?"

ಅಷ್ಟರಲ್ಲಿ ಅತ್ತೆ ಎದ್ದು ಬಂದು ದೀಪ ಹಾಕಿದರು. ಸೊಸೆಯ ಕೈಚೀಲದ ಒಂದು ಹಿಡಿ ಕಿತ್ತು ನೇತಾಡುತ್ತಿತ್ತು.

"ಇದೇನಿದು?"

"ಬಸ್ಸಲ್ಲಿ ಸಿಕ್ಕಿಹಾಕ್ಕೊಳ್ತು ಅತ್ತೆ."

"ಬಸ್ಸಲ್ಲಿ ಸಿಕ್ಕಿಹಾಕ್ಕೊಂಡ್ರೆ ಮುಖ ಹೀಗೆ ಬಿಳಿಚಿಕೊಳ್ಳತ್ತಾ? ನಿಜ ಹೇಳು."

ಸೊಸೆ ಹೇಳಿದಳು. ಬಸ್ಸಿಳಿದಾಗ ನಿಲ್ದಾಣದಲ್ಲಿ ಒಬ್ಬ ನಿಂತಿದ್ದ. ಒಬ್ಬರೇನಾ, ಮನೆ ಎಲ್ಲಿ ಎಂದು ಕೇಳುತ್ತಾ ಪಕ್ಕದಲ್ಲೇ ನಡೆದು ಬಂದ. ಗೋದಾಮಿನ ಗೋಡೆಯ ಹತ್ತಿರ ಚೀಲಕ್ಕೆ ಕೈ ಹಾಕಿದ. ಆ ಹೊತ್ತಿಗೆ ತಿರುವಿನಲ್ಲಿ ಯಾವುದೋ ವ್ಯಾನಿನ ಬೆಳಕು ಬಿತ್ತು, ಬಿಟ್ಟು ಹೋದ.

"ನೀನು ಕೂಗಲಿಲ್ವಾ?" ಎಂದು ಒಳಗಿನಿಂದ ಮೊಮ್ಮಗಳು ಕೇಳಿದಳು. ನಿದ್ದೆಯ ನಟನೆ ಅಲ್ಲಿಗೆ ಮುಗಿದಿತ್ತು.

ಸೊಸೆ ತಲೆಯಾಡಿಸಿದಳು. ಕೂಗಬೇಕೆಂದು ಅವಳಿಗೆ ಹೊಳೆದದ್ದು ಮನೆಯ ಮೆಟ್ಟಿಲು ಹತ್ತಿದ ಮೇಲೆ.

ಬೆಳಿಗ್ಗೆ ಚಹಾ ಬಟ್ಟಲು ಮುಂದಿಡುವ ಮೊದಲೇ ಅತ್ತೆ ಶುರುಮಾಡಿದರು.

"ಇವತ್ತಿಂದ ಆ ಕೆಲಸ ಬೇಡ. ನನ್ನ ತಮ್ಮ ಎಷ್ಟು ಸಲ ಹೇಳಿಲ್ಲ, ಮೇಲಿನ ಕೋಣೆ ಖಾಲಿ ಇದೆ, ನಾಲ್ಕೂ ಜನ ಬಂದುಬಿಡಿ ಅಂತ."

"ಅಲ್ಲಿಗೆ ಹೋದ್ರೆ ನಾನು ಅವರ ಮನೆ ಅಡುಗೆಯವಳು ಅತ್ತೆ. ಇವಳು ಅವರ ಮಕ್ಕಳ ಹಳೇ ಬಟ್ಟೆ ಹಾಕ್ಕೊಂಡು ಓಡಾಡಬೇಕು. ಮಾವ ಬೀಗದ ಪೆಟ್ಟಿಗೆ ಎಲ್ಲಿ ಇಟ್ಕೊಂಡು ಕೂತ್ಕೊಳ್ತಾರೆ? ನಿಮ್ಮ ತಮ್ಮನ ಹೆಂಡತಿ ಬಾಗಿಲ ಮುಂದೆ ಕಬ್ಬಿಣದ ಪುಡಿ ಬೀಳೋಕೆ ಬಿಡ್ತಾರಾ?"

"ಪುಡಿ ಬಿದ್ರೆ ಗುಡಿಸಬಹುದು. ನಿನಗೇನಾದ್ರೂ ಆದ್ರೆ?"

ಅತ್ತೆ ಚಹಾ ಬಟ್ಟಲನ್ನು ಸೊಸೆಯ ಕಡೆ ತಳ್ಳಿದರು. ಅವರಿಗಿದ್ದ ಒಬ್ಬನೇ ಮಗ ಕೆಲಸಕ್ಕೆಂದು ಹೊರಟವನು ಹಿಂದಿರುಗಿರಲಿಲ್ಲ. ರಸ್ತೆಯಲ್ಲೇ ಎಲ್ಲ ಮುಗಿದುಹೋಗಿತ್ತು. ಆಮೇಲೆ ಸೊಸೆ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕೆ ಸೇರಿದಳು. ಹಬೆ ಹಾಯುವ ಯಂತ್ರಗಳಿಂದ ಹಾಸಿಗೆ ಬಟ್ಟೆ ತೆಗೆದು, ಇಬ್ಬಿಬ್ಬರು ಎದುರುಬದುರು ನಿಂತು ಮಡಚುವುದು. ಬೆಳಗಿನ ಪಾಳಿ ಹಳಬರಿಗೆ. ಹೊಸಬರಿಗೆ ಮಧ್ಯಾಹ್ನದ್ದು, ಮುಗಿದು ಬಸ್ಸು ಹಿಡಿದು ಇಳಿಯುವಾಗ ಅಂಗಡಿಗಳೆಲ್ಲ ಮುಚ್ಚಿರುತ್ತಿದ್ದವು. ದೊಡ್ಡ ರಸ್ತೆಯಿಂದ ಮನೆಗೆ ಬರುವ ದಾರಿಯ ಒಂದು ಮಗ್ಗುಲಿಗೆ ಉದ್ದಕ್ಕೂ ಹಳೆಯ ಗೋದಾಮಿನ ಗೋಡೆ. ಅಲ್ಲಿದ್ದ ಒಂದು ಬೀದಿದೀಪವೂ ಕೆಟ್ಟು ನಿಂತಿತ್ತು.

"ನಾನು ಬಸ್ ಸ್ಟಾಪಿಗೆ ಬರ್ತೀನಿ," ಎಂದರು ಮಾವ.

"ಬೇಡ ಮಾವ. ಹೋದ ಚಳಿಗಾಲದಲ್ಲಿ ಬಂದಿದ್ರಲ್ಲ, ಆಮೇಲೇನಾಯ್ತು? ಎದೆಗೆ ಕಫ ಕಟ್ಟಿ ಆಸ್ಪತ್ರೆ ಸೇರಿದ್ರಿ. ನಾನು ರಜೆ ಹಾಕಿ ಹಾಕಿ ಮೇಲ್ವಿಚಾರಕರ ಹತ್ರ ಬೈಸಿಕೊಂಡೆ. ನೀವು ಬರಬಾರದು. ನನ್ನಾಣೆ."

ಆಣೆ ಎಂದ ಮೇಲೆ ಮಾವ ಬಾಯಿ ಮುಚ್ಚಿದರು. ಅತ್ತೆ ಮುಚ್ಚಲಿಲ್ಲ.

"ಸರಿ. ಇನ್ನೊಂದು ಸಲ, ಒಂದೇ ಒಂದು ಸಲ ಇಂಥದ್ದು ಆಗಲಿ. ಅವತ್ತೇ ತಮ್ಮನಿಗೆ ಗಾಡಿ ತರೋಕೆ ಹೇಳ್ತೀನಿ. ಪಾತ್ರೆ ಪಡಗ ಕಟ್ಟೋದೇ."

"ಗಾಡಿ ಬಂದ್ರೆ ನಾನು ಹತ್ತಲ್ಲ," ಎಂದಳು ಮೊಮ್ಮಗಳು.

"ನೀನು ಸುಮ್ನಿರೇ ಪಿಟೀಲು."

ಎಂಟನೇ ತರಗತಿಯ ಆ ಹುಡುಗಿಗೆ ಅತ್ತೆ ಇಟ್ಟ ಹೆಸರು ಅದು. ಹಿಡಿದ ಮಾತನ್ನು ಬಿಡದೆ ಕುಯ್ಯುತ್ತಲೇ ಇರುತ್ತಾಳೆ ಎಂದು. ಈಗ ಬೀದಿಯವರೂ ಹಾಗೇ ಕರೆಯುತ್ತಿದ್ದರು.

ಅದೇ ವಾರ ಆಸ್ಪತ್ರೆಯಲ್ಲಿ ಹೆಂಗಸರಿಗೆ ಆತ್ಮರಕ್ಷಣೆಯ ತರಬೇತಿ ಎಂದು ಚೀಟಿ ಅಂಟಿಸಿದರು. ಸೊಸೆ ಮೊದಲ ದಿನವೇ ಹೆಸರು ಕೊಟ್ಟಳು. ರೋಗಿಗಳಿಗೆ ವ್ಯಾಯಾಮ ಮಾಡಿಸುವ ಕೋಣೆಯಲ್ಲಿ, ಪಾಳಿ ಶುರುವಾಗುವ ಮುಂಚೆ, ನರ್ಸುಗಳು, ಕಸ ಗುಡಿಸುವವರು, ಲಾಂಡ್ರಿಯವರು ಎಲ್ಲ ಚಾಪೆಯ ಮೇಲೆ ಸಾಲಾಗಿ ನಿಂತರು. ಹೇಳಿಕೊಡಲು ಬಂದಾಕೆ ಕುಳ್ಳಗೆ, ದಪ್ಪಗೆ, ಕತ್ತಿಗೊಂದು ಸೀಟಿ ಹಾಕಿಕೊಂಡಿದ್ದರು. ಯಾರೋ ಅವರನ್ನು ಕರಾಟೆ ಟೀಚರ್ ಎಂದರು.

"ಕರಾಟೆಯಂತೆ ಕರಾಟೆ! ನನ್ನ ನೋಡಿದ್ರೆ ಹಾರಿ ಒದೆಯೋಳ ಥರ ಕಾಣ್ತೀನಾ?" ಎಂದು ಅವರು ನಕ್ಕರು. "ನಾನು ಹೇಳಿಕೊಡೋದು ತಪ್ಪಿಸಿಕೊಂಡು ಓಡೋದು. ಅದಕ್ಕೂ ಮುಂಚೆ ಕೂಗೋದು. ಎಲ್ಲಿ, ಕೂಗಿ ನೋಡೋಣ. ದೂರ ಹೋಗು!"

ಯಾರ ಬಾಯಿಂದಲೂ ಸರಿಯಾಗಿ ಸ್ವರ ಬರಲಿಲ್ಲ. ಕೆಲವರು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು. ಸೊಸೆಯದು ಬೆಕ್ಕಿನಮರಿ ಕೂಗಿದ ಹಾಗಿತ್ತು.

"ಗಂಡನ ಮೇಲೆ ಕೂಗೋ ಹಾಗೆ ಕೂಗ್ರೇ!" ಎಂದು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವಾಕೆ, ಎಲ್ಲರ ಬಾಯಲ್ಲೂ ಇಸ್ತ್ರಿ ಅಕ್ಕ, ಹಿಂದಿನಿಂದ ಹೇಳಿದಳು.

"ನಂಗೆ ಗಂಡ ಇಲ್ವಲ್ಲಕ್ಕ," ಎಂದಳು ಸೊಸೆ. ತಮಾಷೆಗೆಂದೇ ಹೇಳಿದ್ದಳು. ಆದರೆ ಸುತ್ತ ನಿಂತವರ ನಗು ನಿಂತಿತು. ಇಸ್ತ್ರಿ ಅಕ್ಕ ತಲೆ ತಗ್ಗಿಸಿ ಚಾಪೆಯ ದಾರ ಕೀಳತೊಡಗಿದಳು.

ವಾರಕ್ಕೊಂದು ದಿನ ಪಾಠ. ರಸ್ತೆಯ ಅಂಚಿನಲ್ಲಿ, ಗೋಡೆಗೆ ಒತ್ತಿಕೊಂಡು ನಡೆಯಬೇಡಿ, ಬೆಳಕಿರುವ ಕಡೆ ನಡೆಯಿರಿ. ಫೋನಿಗೆ ಕಿವಿ ಕೊಟ್ಟು ನಡೆಯಬೇಡಿ. ಕೈಯಲ್ಲಿರುವುದನ್ನು ಕೇಳಿದರೆ ಕೊಟ್ಟುಬಿಡಿ, ಚೀಲಕ್ಕಿಂತ ನೀವು ದೊಡ್ಡವರು. ಹಿಂದಿನಿಂದ ಹಿಡಿದರೆ ಮೊಣಕೈಯಿಂದ ಪಕ್ಕೆಗೆ, ಹಿಮ್ಮಡಿಯಿಂದ ಕಾಲ್ಬೆರಳಿಗೆ. ಮಣಿಕಟ್ಟು ಹಿಡಿದರೆ ಅವನ ಹೆಬ್ಬೆರಳ ಕಡೆಗೆ ತಿರುಚಿ ಬಿಡಿಸಿಕೊಳ್ಳಿ. ಹಿಡಿತ ದುರ್ಬಲವಾಗಿರುವುದು ಅಲ್ಲಿಯೇ. ಬಿಡಿಸಿಕೊಂಡ ಮೇಲೆ ಗೆಲ್ಲುವ ಯೋಚನೆ ಬೇಡ, ಓಡಿ.

ಸೊಸೆ ಕಲಿತದ್ದನ್ನು ಮನೆಯಲ್ಲಿ ಮಗಳಿಗೆ ಕಲಿಸಿದಳು. ಪಿಟೀಲಿಗೆ ಎದುರಾಳಿ ಬೇಕಿತ್ತು. ಬೀಗದ ಪೆಟ್ಟಿಗೆಯ ಮುಂದೆ ಕೂತ ತಾತ ಸಿಕ್ಕಿದರು.

"ತಾತ, ಗಟ್ಟಿಯಾಗಿ ಹಿಡಿ. ಕಳ್ಳ ಹೀಗೆ ಹೂವು ಹಿಡಿದ ಹಾಗೆ ಹಿಡೀತಾನಾ?"

"ಕಳ್ಳನ ಕೆಲಸ ನಂಗೆ ಅಭ್ಯಾಸ ಇಲ್ಲ ಕಣೇ."

"ಬೀಗ ತೆಗೆಯೋಕೆ ಬರತ್ತಲ್ಲ, ಅರ್ಧ ಕಳ್ಳ ಆದ ಹಾಗೇನೇ."

"ನೋಡ್ರೀ, ನಿಮ್ಮ ಮೊಮ್ಮಗಳು ನಿಮಗೆ ಕೊಟ್ಟ ಬಿರುದು," ಎಂದು ಅತ್ತೆ ಆಲೂಗಡ್ಡೆ ಹೆಚ್ಚುತ್ತಲೇ ನಕ್ಕರು. ಮರುಕ್ಷಣವೇ ಮುಖ ಬಿಗಿದುಕೊಂಡು, "ಇದೆಲ್ಲ ಆಟಕ್ಕೆ ಸರಿ. ನಿಜವಾಗ್ಲೂ ಬಂದು ಹಿಡಿದಾಗ ಕೈಕಾಲು ನಡುಗತ್ತೆ, ಅಷ್ಟೇ," ಎಂದರು.

ಸೊಸೆ ಬಾಗಿಲ ಬಳಿ ನಿಂತು, "ಹೆಬ್ಬೆರಳ ಕಡೆಗೆ ಕಣೇ, ಆ ಕಡೆಗಲ್ಲ," ಎಂದು ತಿದ್ದುತ್ತಿದ್ದಳು. ತಾನೇ ಮಾವನ ಕೈ ಹಿಡಿದು ಎಳೆದಾಡಿ ತೋರಿಸುವುದು ಅವಳಿಗೆ ಆಗದ ಮಾತು. ಮದುವೆಯಾಗಿ ಬಂದಂದಿನಿಂದ ಚಹಾದ ಬಟ್ಟಲು, ಮಾತ್ರೆಯ ಚೀಟಿ ಕೊಡುವಾಗ ಬಿಟ್ಟರೆ ಅವರಿಬ್ಬರ ಕೈಗಳು ಹತ್ತಿರ ಬಂದದ್ದೇ ಇಲ್ಲ.

ಮಾವ ಆಣೆಯನ್ನು ಮುರಿದದ್ದು ಆ ದಿನಗಳಲ್ಲೇ. ಮುರಿದೆ ಎಂದು ಅವರು ಒಪ್ಪುತ್ತಿರಲಿಲ್ಲ. ಕರೆದುಕೊಂಡು ಬರಲು ಹೋಗಬಾರದು ಎಂದಿದ್ದಳು, ದೂರದಿಂದ ನೋಡಬಾರದು ಎಂದಿರಲಿಲ್ಲ. ಸಂಜೆ ಊಟ ಮುಗಿಸಿ, "ಕ್ಷೌರದಂಗಡಿಯಲ್ಲಿ ಚದುರಂಗ ಇದೆ, ಬರೋದು ತಡ ಆಗತ್ತೆ," ಎಂದು ಹೊರಟರು. ಎದೆಗೆ ಗಾಳಿ ತಾಗದಂತೆ ಉಣ್ಣೆಯ ಟೋಪಿ, ಬಾಯಿ ಮುಚ್ಚುವ ಹಾಗೆ ಮಫ್ಲರು. ರಬ್ಬರು ಚಪ್ಪಲಿಯ ಪಟಪಟ ಸದ್ದನ್ನು ಸೊಸೆ ಗುರುತು ಹಿಡಿದುಬಿಡುತ್ತಾಳೆ ಎಂದು ಮಗನ ಹಳೆಯ ಕ್ಯಾನ್ವಾಸ್ ಬೂಟು ಹಾಕಿಕೊಂಡರು. ಮುಚ್ಚಿದ ಪೇಪರ್ ಅಂಗಡಿಯ ಮರೆಯಲ್ಲಿ ಕೂತು, ಬಸ್ಸು ಬಂದು, ಅವಳು ಇಳಿದು ಸ್ವಲ್ಪ ಮುಂದೆ ಹೋದ ಮೇಲೆ ಎದ್ದು ಹಿಂಬಾಲಿಸಿದರು. ಅವಳು ಮನೆಯ ಬಾಗಿಲು ತೆರೆದದ್ದನ್ನು ದೂರದಿಂದ ನೋಡಿ, ಹಿಂದಿನ ಓಣಿ ಸುತ್ತಿಕೊಂಡು ನಿಧಾನಕ್ಕೆ ಮನೆ ಸೇರಿದರು.

"ಸೊಸೆ ಕತ್ತಲಲ್ಲಿ ಒಬ್ಬಳೇ ಬರ್ತಾಳೆ, ಇವರಿಗೆ ಚದುರಂಗ!" ಎಂದು ಅತ್ತೆ ಬೈದರು. "ಆ ಕುದುರೆ ಆನೆಗಳೇ ನಾಳೆ ನಿಮ್ಮ ಹೆಣ ಹೊರ್ತಾವಾ?"

"ಹೋಗಲಿ ಬಿಡಿ ಅತ್ತೆ, ಅವರಿಗೂ ಬೇಜಾರಾಗಲ್ವಾ," ಎಂದಳು ಸೊಸೆ. ಅವಳ ದನಿಯಲ್ಲೂ ಸಣ್ಣದೊಂದು ನೋವಿತ್ತು. ಬರಬೇಡಿ ಎಂದವಳು ತಾನೇ. ಆದರೂ ಅಷ್ಟು ಬೇಗ ನಿಶ್ಚಿಂತೆಯಾಗಿ ಆಟಕ್ಕೆ ಕೂತುಬಿಟ್ಟರಲ್ಲ ಎನಿಸಿತ್ತು.

ಮಾವ ಟೋಪಿ ತೆಗೆದು ಗೂಟಕ್ಕೆ ಸಿಕ್ಕಿಸಿ ಮಲಗಿದರು.

ಸೊಸೆಗೆ ಆ ಹೆಜ್ಜೆ ಕೇಳಿಸಿದ್ದು ಎರಡನೆಯದೋ ಮೂರನೆಯದೋ ರಾತ್ರಿ. ಗೋದಾಮಿನ ಗೋಡೆಯ ಪಕ್ಕ ಬಂದಾಗ ಹಿಂದೆ ಮಣ್ಣು ಸವರಿದಂಥ ಸದ್ದು. ನಿಂತಳು, ಅದೂ ನಿಂತಿತು. ನಡೆದಳು, ಅದೂ ಶುರುವಾಯಿತು. ಬೂಟಿನ ಟಕಟಕವಲ್ಲ, ಚಪ್ಪಲಿಯ ಸದ್ದೂ ಅಲ್ಲ. ಕೇಳಿಸಬಾರದೆಂದು ಎಚ್ಚರದಿಂದ ಇಡುವ ಹೆಜ್ಜೆ. ಒಮ್ಮೆ ತಿರುಗಿದಾಗ ದೂರದಲ್ಲಿ ಟೋಪಿ, ಮುಖ ಮುಚ್ಚಿಕೊಂಡ ಒಂದು ಆಕಾರ ಗೋಡೆಯ ನೆರಳಿಗೆ ಸರಿಯಿತು. ಅಲ್ಲಿಂದ ಮನೆಯವರೆಗೆ ಓಡುನಡಿಗೆ.

ಮನೆಯಲ್ಲಿ ಹೇಳುವಂತಿರಲಿಲ್ಲ. ಇನ್ನೊಂದು ಸಲ ಎಂದಿದ್ದರು ಅತ್ತೆ. ಹೇಳಿದರೆ ಮರುದಿನವೇ ಪಾತ್ರೆಗಳು ಚೀಲ ಸೇರುತ್ತವೆ. ಬೆಳಿಗ್ಗೆ ಮಗಳಿಗೆ ಜಡೆ ಹಾಕುವಾಗ, ಬ್ರೆಡ್ಡಿಗೆ ಬೆಣ್ಣೆ ಸವರುವಾಗ ಅವಳ ಕೈ ಸುಮ್ಮನೆ ನಿಂತುಬಿಡುತ್ತಿತ್ತು. ಅನ್ನ ಅರ್ಧ ತಟ್ಟೆಯಲ್ಲೇ ಉಳಿಯುತ್ತಿತ್ತು.

"ಯಾಕಮ್ಮಾ ಸೊರಗಿದೀಯಾ?" ಎಂದು ಮಾವ ಕೇಳಿದರು.

"ಹಬೆಯ ಹತ್ರ ನಿಂತು ನಿಂತು ಮಾವ. ಏನಿಲ್ಲ."

ಮಾವ ನಂಬಲಿಲ್ಲ. ರಾತ್ರಿ ಅವಳು ಗೋಡೆಯ ಹತ್ತಿರ ಬರುತ್ತಲೇ ನಡಿಗೆ ಬಿರುಸಾಗುವುದನ್ನು ಅವರು ಕಂಡಿದ್ದರು. ಬೆಚ್ಚಿ ತಿರುಗಿ ನೋಡುವುದನ್ನೂ ಕಂಡಿದ್ದರು. ಯಾರೋ ಇವಳ ಬೆನ್ನು ಹತ್ತಿದ್ದಾರೆ, ಆ ಹಳೆಯ ಪಾಪಿಯೇ ಇರಬೇಕು, ಎಲ್ಲೋ ಅಡಗಿ ಹೊಂಚುತ್ತಾನೆ ಎಂದುಕೊಂಡರು. ದೂರ ಉಳಿದರೆ ಪ್ರಯೋಜನವಿಲ್ಲ. ಮರುದಿನದಿಂದ ಅವರು ಇನ್ನಷ್ಟು ಹತ್ತಿರ ನಡೆದರು. ಅವಳು ಇನ್ನಷ್ಟು ಹೆದರಿದಳು. ಅವಳು ಹೆದರಿದಷ್ಟೂ ಅವರು ಹತ್ತಿರವಾದರು.

ಸೊಸೆ ವಿಷಯವನ್ನು ಬಾಯಿಬಿಟ್ಟು ಹೇಳಿದ್ದು ಟೀಚರ ಮುಂದೆ ಮಾತ್ರ. ಪಾಠ ಮುಗಿದು ಎಲ್ಲರೂ ಹೋದ ಮೇಲೆ ಚಾಪೆ ಸುತ್ತುವ ನೆಪದಲ್ಲಿ ಉಳಿದಳು.

"ಮನೇಲಿ ಹೇಳಿದೀರಾ?"

"ಹೇಳಿದ್ರೆ ಕೆಲಸ ಬಿಡಿಸ್ತಾರೆ."

"ಪೊಲೀಸರಿಗೆ?"

"ಮುಖಾನೇ ನೋಡಿಲ್ಲ. ಯಾರು ಅಂತ ಹೇಳಲಿ?"

ಟೀಚರ್ ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡರು. "ನೋಡಿ, ನಾನು ಕಲಿಸೋದು ಕೊನೇ ಗಳಿಗೆಗೆ ಅಷ್ಟೇ. ಅದಕ್ಕಿಂತ ಒಳ್ಳೇದು ಬಸ್ ಸ್ಟಾಪಿಗೆ ಒಬ್ರು ಬಂದು ನಿಲ್ಲೋದು. ಅಣ್ಣ, ತಮ್ಮ, ಪಕ್ಕದ ಮನೆಯೋರು, ಯಾರಾದ್ರೂ."

"ಬರೋರು ಯಾರೂ ಇಲ್ಲ ಟೀಚರ್."

"ಹಾಗಾದ್ರೆ ಬನ್ನಿ, ಇನ್ನೊಂದು ಸಲ ಮಾಡೋಣ. ನಾನು ಹಿಂದಿನಿಂದ ಹಿಡೀತೀನಿ. ಅಯ್ಯೋ, ಹಾಗೆ ತಟ್ಟಬೇಡ್ರೀ, ಮಗು ಮಲಗಿಸ್ತಾ ಇದೀರಾ? ನೋವಾಗೋ ಹಾಗೆ!"

ಆ ಮಧ್ಯಾಹ್ನ ಸೊಸೆಯ ಬಾಯಿಂದ ಮೊದಲ ಬಾರಿಗೆ ಕೂಗು ಹೊರಟಿತು. ಪಕ್ಕದ ಕೋಣೆಯಲ್ಲಿದ್ದ ರೋಗಿಯೊಬ್ಬ ಊರುಗೋಲು ಊರಿಕೊಂಡು ಬಂದು ಇಣುಕಿ ನೋಡಿದ.

ಅದು ನಡೆದದ್ದು ಮುಂದಿನ ವಾರ. ಸೊಸೆ ಬಸ್ಸಿಳಿದು ನಡೆಯುತ್ತಿದ್ದಳು. ಮಾವ ಹಿಂದೆ ಇದ್ದರು. ಗೋದಾಮಿನ ಗೇಟಿನ ಸಂದಿಯಲ್ಲಿ ಒಬ್ಬ ನಿಂತಿದ್ದದ್ದು ಮಾವನ ಕಣ್ಣಿಗೆ ಬಿತ್ತು. ದಾರಿಹೋಕ, ಮೂತ್ರಕ್ಕೆ ನಿಂತವನು. ಕೆಲಸ ಮುಗಿಸಿ ತನ್ನ ಪಾಡಿಗೆ ತಾನು ದೊಡ್ಡ ರಸ್ತೆಯ ಕಡೆ ಹೊರಟ. ಆದರೆ ಅವನು ಕತ್ತಲಲ್ಲಿ ಕದಲಿದ್ದನ್ನಷ್ಟೇ ಮಾವ ಕಂಡರು. ಬಂದೇ ಬಿಟ್ಟ ಎಂದುಕೊಂಡು ಓಡಿದರು. ಸೊಸೆಗೆ ಕೇಳಿಸಿದ್ದು ಬೆನ್ನ ಹಿಂದೆ ಓಡಿ ಬರುವ ಹೆಜ್ಜೆ. ಮಾವ ಅಮ್ಮಾ ಎಂದು ಕರೆಯಲು ಬಾಯಿ ತೆರೆದರು. ತಣ್ಣನೆಯ ಗಾಳಿ ನುಗ್ಗಿ ಕೆಮ್ಮು ಗಂಟಲಿಗೆ ಅಡ್ಡ ಬಂತು. ಮಾತು ಹೊರಡದೆ ಕೈ ಚಾಚಿದರು. ಕೈ ಅವಳ ಹೆಗಲಿಗೆ ತಾಗಿತು.

"ದೂರ ಹೋಗು!"

ಬೀದಿ ಆ ಕೂಗಿಗೆ ನಡುಗಿತು. ಮೊಣಕೈ ಪಕ್ಕೆಗೆ ಬಡಿಯಿತು, ಹಿಮ್ಮಡಿ ಕಾಲ್ಬೆರಳ ಮೇಲೆ ಕುಟ್ಟಿತು. ಹೆಗಲ ಮೇಲಿದ್ದ ಕೈಯ ಮಣಿಕಟ್ಟನ್ನು ಹಿಡಿದು ತಿರುಚಿ ತಳ್ಳಿದಳು. ಆ ಆಕಾರ ಕುಸಿದು ಬಿದ್ದ ಸದ್ದು ಕೇಳಿತು. ಅವಳು ಓಡಿದಳು.

ಬಿದ್ದಲ್ಲಿ ಮಾವನಿಗೆ ಉಸಿರೇ ಇರಲಿಲ್ಲ. ಉಸಿರು ಬರುವ ಹೊತ್ತಿಗೆ ಎದುರಿನ ಮಹಡಿಯ ಕಿಟಕಿ ತೆರೆದು ಯಾರೋ, "ಯಾವನೋ ಅವನು? ಹಿಡೀರೋ!" ಎಂದರು. ಬೀಗದ ತಾತನಾಗಿ ಇಡೀ ಬೀದಿಗೆ ಬೇಕಾದ ಮನುಷ್ಯ ಮಫ್ಲರನ್ನು ಮೂಗಿನವರೆಗೆ ಎಳೆದುಕೊಂಡು, ಮೊಣಕಾಲ ಮೇಲೆ ತೆವಳಿ ಓಣಿಯೊಳಗೆ ಸೇರಿಕೊಂಡರು. ಕಸದ ಡಬ್ಬಿಯ ಪಕ್ಕ ಬಹಳ ಹೊತ್ತು ಕೂತರು.

ಮನೆಯ ಬಾಗಿಲಿಗೆ ಬಂದಾಗ ಒಳಗೆ ಎಲ್ಲ ದೀಪಗಳೂ ಉರಿಯುತ್ತಿದ್ದವು. ಮಾತು ಕೇಳಿ ಹೊರಗೇ ನಿಂತರು.

"ಆಮೇಲೆ? ಆಮೇಲೆ ಅಮ್ಮ?"

"ಆಮೇಲೇನು, ದಢಾರ್ ಅಂತ ಬಿದ್ದ."

"ಎಷ್ಟು ಎತ್ತರ ಇದ್ದ?"

"ನೋಡೋಕೆ ಎಲ್ಲಿ ಪುರಸೊತ್ತು? ಎತ್ತರ ಇದ್ದ ಅನ್ಸತ್ತೆ. ಮುಖ ಮುಚ್ಕೊಂಡಿದ್ದ. ಎಷ್ಟೋ ದಿನದಿಂದ ಹಿಂದೆ ಬರ್ತಾನೇ ಇದ್ದ ಅತ್ತೆ. ನಿಮಗೆ ಹೇಳೋಕೆ ಹೆದರಿಕೆ ಆಯ್ತು. ಕ್ಷಮಿಸಿ."

ಮಾವ ಕಿವಿಗೊಟ್ಟರು. ಈಗ ಗಾಡಿಯ ಮಾತು ಬರುತ್ತದೆ, ತಮ್ಮನ ಮಾತು ಬರುತ್ತದೆ ಎಂದುಕೊಂಡರು. ಅತ್ತೆಯ ದನಿ ಒಡೆದು ಬಂತು. ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯಲಿಲ್ಲ.

"ಸರಿಯಾಗಿ ಕೊಟ್ಟೆ! ಇನ್ನೆರಡು ಕೊಡಬೇಕಿತ್ತು ಮುಂಡೇಗಂಡನಿಗೆ. ಅಯ್ಯೋ ನನ್ನ ಕಂದ, ಬಾ, ಕೂತ್ಕೊ, ಹಾಲು ಬಿಸಿ ಮಾಡ್ತೀನಿ. ಇವತ್ತಾದ್ರೂ ಕೂತು ಉಣ್ಣು."

"ಅಜ್ಜಿ, ಗಾಡಿ?"

"ಯಾವ ಗಾಡಿನೇ? ಇವಳನ್ನ ಕಂಡ್ರೆ ಈಗ ಬೀದಿಯೇ ಹೆದರಬೇಕು. ನಾನು ಹೆದರಿಸಿದ್ರೂ ಕೇಳೋಳಲ್ಲ ಇವಳು."

ಮೂವರೂ ನಕ್ಕರು. ಮಗ ಹೋದ ಮೇಲೆ ಆ ಮನೆಯಲ್ಲಿ ಅಂಥ ನಗು ಕೇಳಿರಲಿಲ್ಲ. ಮಾವ ಬಲಗೈಯನ್ನು ಕೋಟಿನ ಜೇಬಿಗೆ ತುರುಕಿದರು. ಕಣ್ಣು ಕತ್ತಲಿಟ್ಟಿತು. ಸ್ವಲ್ಪ ತಡೆದು ಒಳಗೆ ಹೋದರು.

"ಬಂದ್ರು ನೋಡು ಚದುರಂಗದ ರಾಜರು! ಇಲ್ಲಿ ನಿಮ್ಮ ಸೊಸೆ ಏನು ಮಾಡಿದಾಳೆ ಕೇಳಿ!"

ಪಿಟೀಲು ಕುಣಿದು ಕುಣಿದು ಎಲ್ಲವನ್ನೂ ಮಾಡಿ ತೋರಿಸಿದಳು. ತಾತ ನಿಂತು ನೋಡಿದರು. "ಭೇಷ್," ಎಂದರು. "ಭೇಷ್ ಕಣಮ್ಮ." ಹಾಲು ಬೇಡ, ನಿದ್ದೆ ಬರ್ತಿದೆ ಎಂದು ಹೇಳಿ, ಕೋಟನ್ನೂ ಬಿಚ್ಚದೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ರಾತ್ರಿಯೆಲ್ಲ ಮಣಿಕಟ್ಟು ಬಡಿದುಕೊಳ್ಳುತ್ತಿತ್ತು. ಹಲ್ಲು ಕಚ್ಚಿ, ಬೆಳಕು ಹರಿಯುವುದನ್ನೇ ಕಾದರು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಬಚ್ಚಲಿಗೆ ಹೋದರು. ನೀರು ತುಂಬಿದ ಬಕೆಟ್ಟನ್ನು ಕಾಲಿನಿಂದ ಉರುಳಿಸಿ, ಒದ್ದೆ ನೆಲದ ಮೇಲೆ ಜೋಪಾನವಾಗಿ ಕೂತು, "ಅಯ್ಯೋ, ಬಿದ್ದೆ!" ಎಂದು ಕೂಗಿಕೊಂಡರು.

"ಆ ಸೋಪಿನ ನೀರು ಚೆನ್ನಾಗಿ ತೊಳೀರಿ ಅಂತ ಬಡ್ಕೊಂಡೆ," ಎಂದು ಅತ್ತೆ ಓಡಿ ಬಂದರು.

ಸೊಸೆ ತನ್ನ ಆಸ್ಪತ್ರೆಗೇ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಅವಳು ನಿನ್ನೆಯ ಗೆಲುವಿನಲ್ಲೇ ಇದ್ದಳು. ಹೆಚ್ಚು ಮಾತಾಡದವಳು ಬಸ್ಸಿನಲ್ಲಿ ಮಾವನಿಗೆ ಟೀಚರ ವಿಷಯ, ಇಸ್ತ್ರಿ ಅಕ್ಕನ ತಮಾಷೆ ಎಲ್ಲ ಹೇಳಿದಳು. ಮಾವ ಹೂಂಗುಟ್ಟಿದರು. ಎಕ್ಸ್‌ರೇ ಆಯಿತು, ಮಣಿಕಟ್ಟಿನ ಎಲುಬು ಬಿರುಕು ಬಿಟ್ಟಿತ್ತು, ಪ್ಲಾಸ್ಟರು ಹಾಕಿದರು. ಅಂಗಿ ಬಿಚ್ಚಿಸಿ ಮೈ ನೋಡಿದ ಡಾಕ್ಟರು, ಹುಡುಗಿಯಂತಿದ್ದ ಹೆಂಗಸು, ಸೊಸೆಯನ್ನು ಪರದೆಯ ಆಚೆ ಕರೆದರು.

"ಇವರು ಯಾವಾಗ ಬಿದ್ದದ್ದು ಅಂದ್ರಿ?"

"ಈಗ ಬೆಳಿಗ್ಗೆ. ಬಚ್ಚಲಲ್ಲಿ."

"ಅಲ್ಲ. ಊತ ನೋಡಿದ್ರೆ ರಾತ್ರಿಯದು. ಬಲಗಾಲಿನ ಹೆಬ್ಬೆರಳ ಉಗುರು ಕಪ್ಪಾಗಿದೆ, ಯಾರೋ ತುಳಿದ ಹಾಗಿದೆ. ಪಕ್ಕೆಯಲ್ಲಿ ನೀಲಿ ಗಾಯ ಇದೆ. ಮಣಿಕಟ್ಟಿನ ಮೇಲೆ ಬೆರಳಿನ ಗುರುತು ಕೂಡ." ಡಾಕ್ಟರು ದನಿ ತಗ್ಗಿಸಿದರು. "ತಪ್ಪು ತಿಳೀಬೇಡಿ, ನಾವು ಕೇಳಲೇಬೇಕು. ಮನೇಲಿ ಇವರಿಗೆ ಯಾರಾದ್ರೂ ಹೊಡೀತಾರಾ?"

ಸೊಸೆ ಪರದೆಯನ್ನು ಹಿಡಿದುಕೊಂಡಳು. ಅದು ಅವಳ ಲಾಂಡ್ರಿಯಲ್ಲೇ ತೊಳೆದ ಪರದೆ. ಅಂಚಿನ ಮಡಿಕೆ ಅವಳ ಕೈಗೆ ಪರಿಚಯದ್ದು. ಅದರ ಸಂದಿಯಿಂದ ಮಾವ ಕಾಣುತ್ತಿದ್ದರು. ಎಡಗೈಯಿಂದ ಅಂಗಿಯ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿದ್ದರು. ಮಂಚದ ಕೆಳಗೆ ಒಂದು ಜೊತೆ ಕ್ಯಾನ್ವಾಸ್ ಬೂಟು. ಗಂಡನ ಬೂಟು. ಬೆಳಿಗ್ಗೆ ಅವಸರದಲ್ಲಿ ಮಾವ ಅದನ್ನೇ ಮೆಟ್ಟಿಕೊಂಡು ಬಂದಿದ್ದರು. ಅದರ ಅಂಚಿಗೆ ಗೋದಾಮಿನ ದಾರಿಯ ಕೆಂಪು ಮಣ್ಣು ಇನ್ನೂ ಒಣಗಿ ಅಂಟಿತ್ತು.

ಟೋಪಿ, ಮಫ್ಲರು, ಚದುರಂಗ, ನಿಂತರೆ ನಿಲ್ಲುತ್ತಿದ್ದ ಹೆಜ್ಜೆ. ಎಲ್ಲವೂ ಒಟ್ಟಿಗೇ ಬಂದು ಅವಳ ಮುಂದೆ ನಿಂತವು. ಹೆಗಲಿಗೆ ತಾಗಿದ್ದ ಆ ಕೈ ಎ‍ಷ್ಟು ಹಗುರಾಗಿತ್ತು ಎಂಬುದು ಈಗ ನೆನಪಾಯಿತು.

"ಏನಮ್ಮ, ಯಾರಾದ್ರೂ ಹೊಡೀತಾರಾ?" ಡಾಕ್ಟರು ಮತ್ತೆ ಕೇಳಿದರು.

"ಇಲ್ಲ," ಎಂದಳು ಸೊಸೆ. "ನಿನ್ನೆ ರಾತ್ರಿನೂ ಒಂದು ಸಲ ಜಾರಿದ್ರು. ಅತ್ತೆ ಬೈತಾರೆ ಅಂತ ಮುಚ್ಚಿಟ್ಟಿದಾರೆ. ನಾನು ನೋಡ್ಕೊಳ್ತೀನಿ."

ಡಾಕ್ಟರು ಅವಳನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, ಮಾತ್ರೆ ಬರೆದುಕೊಟ್ಟರು.

ಹಿಂದಿರುಗುವ ಬಸ್ಸಿನಲ್ಲಿ ಮಾತು ಮಾವನದಾಯಿತು.

"ಡಾಕ್ಟರು ಏನಂದ್ರು?"

"ಬಚ್ಚಲಲ್ಲಿ ಹುಷಾರಾಗಿರಿ ಅಂದ್ರು."

"ಹೂಂ. ಇನ್ನು ಚದುರಂಗಕ್ಕೆ ಹೋಗಲ್ಲ ಬಿಡಮ್ಮ. ಕಾಯಿ ನಡೆಸೋಕೆ ಕೈ ಬೇಕಲ್ಲ." ಕಿಟಕಿಯ ಆಚೆ ನೋಡುತ್ತಾ ಸೇರಿಸಿದರು: "ನಿನಗೆ ಇನ್ನು ಯಾರ ಹೆದರಿಕೇನೂ ಇಲ್ಲ ಅನ್ನು. ನಿಮ್ಮ ಅತ್ತೆಯೇ ಒಪ್ಪಿದಾಳೆ."

ಅವಳಿಗೆ ಅವರ ಕಡೆ ತಿರುಗಲಾಗಲಿಲ್ಲ. ಪ್ಲಾಸ್ಟರಿನ ಕೈ ಅವಳ ಮಡಿಲ ಚೀಲಕ್ಕೆ ತಾಗಿಕೊಂಡಿತ್ತು. ಬಸ್ಸು ಕುಲುಕಿದಾಗ ಅದಕ್ಕೆ ಪೆಟ್ಟಾಗದಂತೆ ಅವಳು ತನ್ನ ಅಂಗೈಯನ್ನು ಅದರ ಕೆಳಗೆ ಇಟ್ಟಳು.

ಅಂದು ಅವಳು ರಜೆ ಹಾಕಿದ್ದಳು. ರಾತ್ರಿ ಎಲ್ಲರೂ ಒಟ್ಟಿಗೆ ಉಣ್ಣಲು ಕೂತರು. ಪಕ್ಕದ ಮನೆಯಾಕೆ ಬಂದು ಬಾಗಿಲಲ್ಲೇ ನಿಂತಿದ್ದಳು. ಅವಳಿಗಾಗಿ ಪಿಟೀಲು ಕಥೆಯನ್ನು ಇನ್ನೊಮ್ಮೆ ಹೇಳುತ್ತಿದ್ದಳು. ಕಳ್ಳ ಈಗ ಬಾಗಿಲಿನಷ್ಟು ಎತ್ತರವಾಗಿದ್ದ, ಅವನ ಕೈಯಲ್ಲಿ ಕಬ್ಬಿಣದ ಸರಳೂ ಬಂದಿತ್ತು.

"ಅಂಥವನನ್ನ ನಿಮ್ಮಮ್ಮ ಬೀಳಿಸಿದ್ಲಾ?" ಎಂದಳು ಪಕ್ಕದ ಮನೆಯಾಕೆ.

"ಸಂಶಯ ಬೇಡ," ಎಂದರು ಮಾವ, ನಗುತ್ತಾ. "ಅವಳ ಏಟು ತಿಂದವನು ಮತ್ತೆ ಆ ರಸ್ತೆ ಕಡೆ ಬರಲ್ಲ."

"ನಾಳೆ ನಿಮ್ಮ ಟೀಚರ್ ಎಲ್ಲರ ಮುಂದೆ ನಿನ್ನನ್ನ ನಿಲ್ಲಿಸಿ ಹೇಳಿಸ್ತಾರೆ ಅಲ್ವಾ ಅಮ್ಮ? ನಾನೂ ದೊಡ್ಡೋಳಾದ ಮೇಲೆ ರಾತ್ರಿ ಪಾಳಿಗೆ ಹೋಗ್ತೀನಿ. ಹೆದರಲ್ಲ."

ಅತ್ತೆ ಮೊಮ್ಮಗಳ ತಲೆ ಸವರಿದರು. ಬೇಡ ಎನ್ನಲಿಲ್ಲ.

ಸೊಸೆ ಮಾವನ ತಟ್ಟೆಯ ಅನ್ನವನ್ನು ಬೇಳೆಯೊಂದಿಗೆ ಕಲೆಸಿ, ಎಡಗೈಗೆ ಸಿಗುವ ಹಾಗೆ ಚಮಚ ಇಟ್ಟಳು. ಬಗ್ಗಿದವಳು ಹಾಗೇ ನಿಂತಳು. ಪಕ್ಕದ ಮನೆಯಾಕೆ ಹೋಗಿಯಾಗಿತ್ತು. ಅಜ್ಜಿ ಮೊಮ್ಮಗಳು ನೀರಿನ ಲೋಟಕ್ಕೆ ಜಗಳವಾಡುತ್ತಿದ್ದರು.

"ಮಾವ, ನಾನು..."

"ಉಪ್ಪು ಸ್ವಲ್ಪ ಕಮ್ಮಿ ಕಣಮ್ಮ," ಎಂದರು ಮಾವ, ತಟ್ಟೆಯಿಂದ ತಲೆಯೆತ್ತದೆ. ಅವರು ಇನ್ನೂ ಒಂದು ತುತ್ತನ್ನೂ ಬಾಯಿಗೆ ಇಟ್ಟಿರಲಿಲ್ಲ.

ಅತ್ತೆಗೆ ಹೇಳಿದರೆ ಗಾಡಿ ಬರುತ್ತದೆ. ಮಗಳಿಗೆ ಹೇಳಿದರೆ ಅವಳ ಮುಖದ ಆ ಬೆಳಕು ಆರುತ್ತದೆ. ಟೀಚರಿಗೆ ಹೇಳಿದರೆ ಚಾಪೆಯ ಮೇಲೆ ಸಾಲಾಗಿ ನಿಂತ ಅಷ್ಟೂ ಹೆಂಗಸರು ಕೈ ಎತ್ತಲು ಹಿಂಜರಿಯುತ್ತಾರೆ. ನಾಳೆ ರಾತ್ರಿ ಗೋಡೆಯ ಪಕ್ಕ ಅವಳು ಒಬ್ಬಳೇ ಬರಬೇಕು. ಹಿಂದೆ ಯಾರೂ ಇರುವುದಿಲ್ಲ. ಅಲ್ಲಿ ಯಾರಿದ್ದರು ಎಂದು ತನಗೆ ಗೊತ್ತಾಗಿದೆಯೆಂಬುದನ್ನು ಮಾವನಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಸೊಸೆ ಅಲ್ಲೇ ನಿರ್ಧರಿಸಿದಳು. ಉಪ್ಪು ತರಲು ಅಡುಗೆಮನೆಗೆ ಹೋದಳು.